ಸುರಂಗ ಕೊರೆದವರ ಹೆಸರೇನು? – ಬ್ರೆಕ್ಟ್ ಕೇಳಿದ ಒಂದು ಪ್ರಶ್ನೆ



ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಹಗಲು ರೈಲಿನಲ್ಲಿ ಘಟ್ಟ ಇಳಿದವರಿಗೆ ಎಡಕುಮೇರಿ ಎಂಬ ಹೆಸರು ಹೊಸದಲ್ಲ. ದೋಣಿಗಲ್, ಕಡಗರವಳ್ಳಿ ದಾಟಿದ ಮೇಲೆ, ಶಿರಿಬಾಗಿಲಿಗಿಂತ ಮುಂಚೆ ಬರುವ ನಿಲ್ದಾಣವದು. ಸುತ್ತ ದಟ್ಟವಾದ ಕಾಡು, ಕೆಳಗೆಲ್ಲೋ ಹರಿಯುವ ಹೊಳೆಯ ಸದ್ದು. ರೈಲ್ವೆಯ ನೌಕರರನ್ನು ಬಿಟ್ಟರೆ ಅಲ್ಲಿ ಇಳಿಯುವವರು ವಿರಳ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಣ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ. 1960ರ ದಶಕದಲ್ಲಿ ಕಾಮಗಾರಿ ಆರಂಭವಾಗಿ 1979ರಲ್ಲಿ ಮೀಟರ್ ಗೇಜ್ ಹಳಿಯ ಮೇಲೆ ಗಾಡಿ ಓಡಿತು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತ ಸಂಚಾರ, 2006ರಲ್ಲಿ ಸರಕು ಗಾಡಿಗಳಿಗೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೂ ಮತ್ತೆ ತೆರೆಯಿತು.

ಸುರಂಗಗಳಿಗೆ ಸಂಖ್ಯೆಗಳಿವೆ. ಸೇತುವೆಗಳಿಗೂ ಸಂಖ್ಯೆಗಳಿವೆ. ಅವನ್ನು ಕೊರೆದವರ, ಕಟ್ಟಿದವರ ಹೆಸರುಗಳು ಅಲ್ಲಿಲ್ಲ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಗುಡ್ಡ ಜರಿದು ಹಳಿಯ ತಳವೇ ಕುಸಿದಾಗ, ಎಡೆಬಿಡದ ಮಳೆಯಲ್ಲಿ ಮರಳಿನ ಮೂಟೆಗಳನ್ನೂ ಬಂಡೆಗಳನ್ನೂ ಜೋಡಿಸಿ ಕೆಲವೇ ದಿನಗಳಲ್ಲಿ ಹಾದಿಯನ್ನು ಮತ್ತೆ ನಿಲ್ಲಿಸಿದವರಿದ್ದರು. ಯಾವ ರೈಲು ರದ್ದಾಯಿತು, ಯಾವುದು ಬೇರೆ ಮಾರ್ಗ ಹಿಡಿಯಿತು ಎಂಬುದನ್ನು ನಾವು ದಿನವೂ ಪತ್ರಿಕೆಯಲ್ಲಿ ಓದಿದೆವು. ಮೂಟೆ ಹೊತ್ತವರಲ್ಲಿ ಒಬ್ಬರ ಹೆಸರಾದರೂ ನಿಮಗೆ ನೆನಪಿದೆಯೇ? ನನಗಿಲ್ಲ.

ಈ ಪ್ರಶ್ನೆಯನ್ನು ನನ್ನ ತಲೆಯೊಳಗೆ ಬಿತ್ತಿದವನು ಬರ್ಟೋಲ್ಟ್ ಬ್ರೆಕ್ಟ್ ಎಂಬ ಜರ್ಮನ್ ಕವಿ, ನಾಟಕಕಾರ. ನಮ್ಮ ಧರ್ಮಕೇಂದ್ರದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಹಳೆಯ ಕಾಗದಪತ್ರಗಳನ್ನು ಶೋಧಿಸುತ್ತಿರುವ ಈ ತಿಂಗಳುಗಳಲ್ಲಿ ಅವನು ಮತ್ತೆ ಮತ್ತೆ ನೆನಪಾಗುತ್ತಿದ್ದಾನೆ. ಮಾರ್ಕ್ಸ್‌ವಾದಿಯಾಗಿದ್ದ, ದೇವರ ವಿಷಯದಲ್ಲಿ ವ್ಯಂಗ್ಯವಾಡುತ್ತಿದ್ದ ಸಾಹಿತಿಯೊಬ್ಬನಿಗೆ ಈ ಪುಟಗಳಲ್ಲೇನು ಕೆಲಸ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಬೇಡಿಕೊಳ್ಳುತ್ತೇನೆ.

ಬ್ರೆಕ್ಟ್ ಹುಟ್ಟಿದ್ದು 1898ರಲ್ಲಿ, ಆಗ್ಸ್‌ಬರ್ಗ್ ನಗರದಲ್ಲಿ. 1933ರ ಫೆಬ್ರವರಿಯಲ್ಲಿ ಬರ್ಲಿನ್ನಿನ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ಅವನು ಸಂಸಾರ ಸಮೇತ ದೇಶ ಬಿಟ್ಟ. ಅದೇ ವರ್ಷದ ಮೇ ತಿಂಗಳಲ್ಲಿ ನಾತ್ಸಿಗಳು ಬೀದಿಯಲ್ಲಿ ಸುಟ್ಟ ಪುಸ್ತಕಗಳಲ್ಲಿ ಅವನವೂ ಇದ್ದವು. 1935ರಲ್ಲಿ ಅವನ ಪೌರತ್ವವನ್ನೇ ಕಿತ್ತುಕೊಂಡರು. ಆ ವರ್ಷ ಡೆನ್ಮಾರ್ಕಿನಲ್ಲಿ ಪರದೇಶಿಯಾಗಿ ಬದುಕುತ್ತಿದ್ದಾಗ ಅವನು ಬರೆದ ಒಂದು ಸಣ್ಣ ಕವಿತೆಯ ಶೀರ್ಷಿಕೆಯನ್ನು 'ಓದುಬಲ್ಲ ಕಾರ್ಮಿಕನೊಬ್ಬನ ಪ್ರಶ್ನೆಗಳು' ಎಂದು ಕನ್ನಡಿಸಬಹುದು. ಚರಿತ್ರೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡ ಕೂಲಿಯವನೊಬ್ಬ ಅಲ್ಲಿ ಬರೀ ಅರಸರ, ದಂಡನಾಯಕರ ಹೆಸರುಗಳನ್ನು ಕಂಡು ಬೆರಗಾಗುತ್ತಾನೆ. ಕಲ್ಲು ಹೊತ್ತವರು ಎಲ್ಲಿ, ಸಂಜೆ ಕೆಲಸ ಮುಗಿಸಿದ ಗಾರೆಯವರು ಎಲ್ಲಿ ಹೋದರು, ಗೆದ್ದವರ ಔತಣಕ್ಕೆ ಅಡುಗೆ ಮಾಡಿದವರಾರು ಎಂಬ ಧಾಟಿಯಲ್ಲಿ ಒಂದರ ಹಿಂದೊಂದು ಪ್ರಶ್ನೆ ಎಸೆಯುತ್ತಾನೆ. ಉತ್ತರ ಯಾವುದಕ್ಕೂ ಇಲ್ಲ. ಕವಿ ಎಲ್ಲಿಯೂ ದನಿಯೇರಿಸುವುದಿಲ್ಲ. ಶಾಲೆಯ ಹುಡುಗನೊಬ್ಬ ಮೇಷ್ಟರನ್ನು ಕೇಳುವಂತೆ ಅವು ಸರಳವಾಗಿವೆ. ಅವಕ್ಕೆ ಉತ್ತರಿಸಲು ಕಷ್ಟವಾಗುವುದೂ ಅದಕ್ಕೇ.

ನಮ್ಮ ಬೆಟ್ಟಗಳಲ್ಲಿ ನಿಂತು ಅದೇ ಪ್ರಶ್ನೆಯನ್ನು ಕೇಳಿ ನೋಡಿ. ದೋಣಿಗಲ್ಲಿನ ಬಳಿ ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಎಂಟು ಮೂಲೆಗಳ ನಕ್ಷತ್ರದಂತಿರುವ ಮಂಜರಾಬಾದ್ ಕೋಟೆಯನ್ನು 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿದನೆಂದು ನಮ್ಮ ಮಕ್ಕಳು ಕಲಿಯುತ್ತಾರೆ. ಮಳೆಗಾಲದಲ್ಲಿ ಜಾರುವ ಆ ಗುಡ್ಡಕ್ಕೆ ಕಲ್ಲು ಏರಿಸಿದವರು ಸುಲ್ತಾನನಂತೂ ಅಲ್ಲ. ಕಾಫಿಯ ಕಥೆಯೂ ಹಾಗೆಯೇ. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಸ್ಕಾಟಿಷ್ ದೊರೆ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಬೇಸಾಯಗಳನ್ನು ಕುರಿತು 1894ರಲ್ಲಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. ಓದಲು ಸೊಗಸಾದ ಗ್ರಂಥವದು, ಇತಿಹಾಸಕಾರರಿಗೆ ಇಂದಿಗೂ ಉಪಯುಕ್ತ. ಆದರೆ ಕಾಡು ಕಡಿದು, ಗುಂಡಿ ತೋಡಿ, ಗಿಡ ನೆಟ್ಟು, ಹಣ್ಣು ಕೊಯ್ದವರಲ್ಲಿ ಪುಸ್ತಕ ಬರೆಯಲು ಯಾರಿಗೆ ಬಿಡುವಿತ್ತು, ಯಾರಿಗೆ ಅಕ್ಷರವಿತ್ತು?

ಇಷ್ಟರ ಮಟ್ಟಿಗೆ ಬ್ರೆಕ್ಟ್ ಹೇಳುವುದೇ ಸರಿ. ಆದರೆ ನಮ್ಮ ಹಾಸನ ಸೀಮೆ ಅವನಿಗೆ ಒಂದು ಪ್ರತ್ಯುತ್ತರವನ್ನೂ ಕೊಡುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇಗುಲವನ್ನು ವಿಷ್ಣುವರ್ಧನ ಕಟ್ಟಿಸಿದನೆಂದು ಶಾಸನ ಹೇಳುತ್ತದೆ, ನಿಜ. ಆದರೆ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳೂ ಕೆತ್ತಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಗುಡಿಯ ಗೋಡೆಗಳ ಮೇಲೆ, ಬೈಚೋಜ ಮತ್ತು ಮಲ್ಲಿತಮ್ಮ ತಮ್ಮ ತಮ್ಮ ಮೂರ್ತಿಗಳ ಕೆಳಗೆ ರುಜು ಹಾಕಿದ್ದಾರೆ. ಎಂಟು ಶತಮಾನಗಳ ಹಿಂದೆ ಕೈಕೆಲಸದವನೊಬ್ಬ ತನ್ನ ಹೆಸರನ್ನು ಕಲ್ಲಿನಲ್ಲಿ ಉಳಿಸಿಕೊಂಡ ನಾಡು ಇದು. ಬ್ರೆಕ್ಟ್ ಬೇಲೂರನ್ನು ನೋಡಿದ್ದರೆ ಸಂತೋಷಪಡುತ್ತಿದ್ದನೋ, ಅಥವಾ ಕಣಿಯಿಂದ ಬಂಡೆ ಎಬ್ಬಿಸಿ ತಂದ ಬಂಡಿಯವನ ಹೆಸರೆಲ್ಲಿ ಎಂದು ಮತ್ತೆ ಕೇಳುತ್ತಿದ್ದನೋ! ಎರಡನೆಯದೇ ಹೆಚ್ಚು ಸಂಭವ.

ಇನ್ನು ನಮಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಬ್ರೆಕ್ಟನ ತಂದೆ ಕಥೋಲಿಕರು, ತಾಯಿ ಪ್ರೊಟೆಸ್ಟೆಂಟರು. ಅವನು ತಾಯಿಯ ಮತದಲ್ಲಿ, ಲೂಥರನ ಬೈಬಲ್ ಓದುತ್ತ ಬೆಳೆದ. ಹದಿನಾರನೆಯ ವಯಸ್ಸಿನಲ್ಲಿ, 1914ರಲ್ಲಿ, ಅವನ ಮೊದಲ ಕಿರುನಾಟಕ ಶಾಲೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ ಹೆಸರೇ 'ಬೈಬಲ್'. 1928ರಲ್ಲಿ ಒಂದು ಮಹಿಳಾ ಪತ್ರಿಕೆಯವರು ನಿಮ್ಮ ಮೇಲೆ ಅತ್ಯಂತ ಪ್ರಭಾವ ಬೀರಿದ ಪುಸ್ತಕ ಯಾವುದೆಂದು ಕೇಳಿದಾಗ, ಕೇಳಿದವರು ನಗುವರೆಂದು ಗೊತ್ತಿದ್ದೇ, ಅದೇ ಹೆಸರನ್ನು ಹೇಳಿದ. ಕೆಲವು ವಿಮರ್ಶಕರು ಇದನ್ನು ಬರಿಯ ಭಾಷೆಯ ಋಣವೆಂದು ಬಗೆಯುತ್ತಾರೆ. ಲೂಥರನ ಗದ್ಯದ ಗಟ್ಟಿತನವನ್ನು ಅವನು ಕಲಿತ, ಅಷ್ಟೇ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಪ್ರಶ್ನೆಯೂ ಅಲ್ಲಿಂದಲೇ ಬಂದಿದೆ.

ವಿಮೋಚನಾಕಾಂಡದ ಮೊದಲ ಅಧ್ಯಾಯವನ್ನು ತೆರೆಯಿರಿ. ಇಸ್ರಯೇಲರನ್ನು ಬಿಟ್ಟಿದುಡಿಸಿ ಪಿತೋಮ್, ರಾಮ್ಸೇಸ್ ಎಂಬ ಉಗ್ರಾಣ ನಗರಗಳನ್ನು ಕಟ್ಟಿಸಿದ ರಾಜ 'ಫರೋಹ', ಅಷ್ಟೇ. ಅದು ಪದವಿ, ಹೆಸರಲ್ಲ. ಯಾವ ಫರೋಹ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ. ಆದರೆ ಅವನ ಆಜ್ಞೆಯನ್ನು ಮೀರಿ ಗಂಡುಕೂಸುಗಳನ್ನು ಉಳಿಸಿದ ಇಬ್ಬರು ಸೂಲಗಿತ್ತಿಯರ ಹೆಸರುಗಳು ಅಲ್ಲಿ ಸ್ಪಷ್ಟವಾಗಿವೆ: ಶಿಫ್ರಾ ಮತ್ತು ಪೂಗಾ. ಚಕ್ರವರ್ತಿಯ ಹೆಸರು ಕಳೆದು ದಾದಿಯರ ಹೆಸರು ಉಳಿದ ಇತಿಹಾಸ ಗ್ರಂಥ ಬೇರೊಂದಿದ್ದರೆ ತಿಳಿಸಿ.

ಇನ್ನು ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯ. ಪೂಜೆಯಲ್ಲಿ ಅದನ್ನು ಯಾರೂ ಓದುವುದಿಲ್ಲ, ಓದಿದರೂ ನಾವು ಆಕಳಿಸುತ್ತೇವೆ. ಏಕೆಂದರೆ ಅದು ಬರೀ ಹೆಸರುಗಳ ಪಟ್ಟಿ. ಜೆರುಸಲೇಮಿನ ಪಾಳುಬಿದ್ದ ಗೋಡೆಯ ಯಾವ ಯಾವ ತುಂಡನ್ನು ಯಾರು ಯಾರು ಕಟ್ಟಿದರು ಎಂಬ ಲೆಕ್ಕ. ಯಾಜಕರು ಒಂದು ಬಾಗಿಲು ಕಟ್ಟಿದರು. ಅಕ್ಕಸಾಲಿಗನೊಬ್ಬ, ಗಂಧದ್ರವ್ಯ ಮಾಡುವವನೊಬ್ಬ ಪಕ್ಕಪಕ್ಕದಲ್ಲಿ ದುಡಿದರು. ಶಲ್ಲೂಮ ಎಂಬವನು ತನ್ನ ಹೆಣ್ಣುಮಕ್ಕಳೊಡನೆ ಬಂದು ಕಟ್ಟಿದ. ತೆಕೋವದ ಸಾಮಾನ್ಯರು ದುಡಿದರು, ಅವರ ಗಣ್ಯರು ಮಾತ್ರ ಹೆಗಲು ಕೊಡಲಿಲ್ಲ ಎಂಬುದನ್ನೂ ಬರೆದಿಡಲಾಗಿದೆ. ಬ್ರೆಕ್ಟನ ಕಾರ್ಮಿಕ ಕೇಳಿದ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಯಾರೋ ಒಬ್ಬ ಲೆಕ್ಕಿಗ ಕುಳಿತು ಉತ್ತರ ಬರೆದಿದ್ದ.

ಆದರೆ ನಾವು ಬೀಗುವಂತಿಲ್ಲ. ಅದೇ ಪವಿತ್ರ ಗ್ರಂಥದ ಅರಸುಗಳ ಮೊದಲನೆಯ ಪುಸ್ತಕದಲ್ಲಿ ಸೊಲೊಮೋನನ ದೇವಾಲಯದ ಕಥೆಯಿದೆ. ಬಿಟ್ಟಿ ದುಡಿಮೆಯವರು 30,000, ಹೊರೆ ಹೊರುವವರು 70,000, ಬೆಟ್ಟದಲ್ಲಿ ಕಲ್ಲು ಕಡಿಯುವವರು 80,000, ಮೇಸ್ತ್ರಿಗಳು 3,300. ಎಲ್ಲರೂ ಅಂಕಿಗಳೇ. ಕಂಚಿನ ಕೆಲಸದ ಕುಶಲಿ, ತೂರಿನ ಹೀರಾಮನೊಬ್ಬನ ಹೆಸರು ಮಾತ್ರ ಉಳಿದಿದೆ, ಬೇಲೂರಿನ ದಾಸೋಜನ ಹೆಸರು ಉಳಿದ ಹಾಗೆ. ಹೆಸರಿನ ಪಟ್ಟಿ, ಅಂಕಿಯ ಪಟ್ಟಿ ಎರಡೂ ನಮ್ಮ ಗ್ರಂಥದಲ್ಲಿಯೇ ಇವೆ. ನಾವು ದೇವಾಲಯ ಕಟ್ಟುವಾಗ ಯಾವುದನ್ನು ಅನುಸರಿಸಿದ್ದೇವೆ ಎಂಬುದನ್ನು ನಮ್ಮ ನಮ್ಮ ಚರ್ಚಿನ ಶಿಲಾಫಲಕವನ್ನು ಓದಿ ತಿಳಿಯಬಹುದು.

ಬ್ರೆಕ್ಟನ ನಾಟಕಗಳು ಕನ್ನಡಕ್ಕೆ ಬಂದಿರುವುದು ನಮ್ಮ ಭಾಗ್ಯ. ಹೆಗ್ಗೋಡಿನ ನೀನಾಸಂ ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರು 'ಮೂರು ಕಾಸಿನ ಸಂಗೀತ ನಾಟಕ', 'ಸೆಜುವಾನ್ ನಗರದ ಸಾಧ್ವಿ' ಎಂಬ ಎರಡನ್ನು ಅನುವಾದಿಸಿದ್ದಾರೆ. ಬ್ರೆಕ್ಟನ ರಂಗತತ್ವ ನಮ್ಮವರಿಗೆ ಕಷ್ಟವಾಗಬೇಕಿಲ್ಲ. ಪ್ರೇಕ್ಷಕ ಪಾತ್ರದ ದುಃಖದಲ್ಲಿ ಮುಳುಗಿ ಕಣ್ಣೊರೆಸಿಕೊಂಡು ಮನೆಗೆ ಹೋದರೆ ಸಾಲದು, ಇದು ನಾಟಕವೆಂಬ ಎಚ್ಚರದಲ್ಲಿಯೇ ಕುಳಿತು ವಿಚಾರ ಮಾಡಬೇಕು ಎಂಬುದು ಅವನ ಆಶಯ. ಘಟ್ಟದ ಕೆಳಗೆ ಇರುಳೆಲ್ಲ ಯಕ್ಷಗಾನ ನೋಡಿದವರಿಗೆ ಇದರಲ್ಲಿ ಅಚ್ಚರಿಯೇನು? ಭಾಗವತರು ರಂಗದ ಮೇಲೆಯೇ ಇರುತ್ತಾರೆ, ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಅರ್ಥಧಾರಿಗಳು ವಾದಕ್ಕಿಳಿಯುತ್ತಾರೆ; ನಾವು ಚಹಾ ಕುಡಿಯುತ್ತ ಯಾರ ವಾದ ಮೇಲು ಎಂದು ತೂಗುತ್ತೇವೆ. ಬ್ರೆಕ್ಟ್ ಇದನ್ನು 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗನ ಅಭಿನಯದಲ್ಲಿ ಕಂಡು ಬೆರಗಾದ.

ಸೆಜುವಾನಿನ ಕಥೆ ಹೀಗಿದೆ. ಲೋಕದಲ್ಲಿ ಒಬ್ಬರಾದರೂ ಒಳ್ಳೆಯವರಿದ್ದಾರೆಯೇ ಎಂದು ಹುಡುಕುತ್ತ ಮೂವರು ದೇವತೆಗಳು ಇಳಿದು ಬರುತ್ತಾರೆ. (ಸೊದೋಮಿನ ಹತ್ತು ಮಂದಿ ನೀತಿವಂತರಿಗಾಗಿ ಅಬ್ರಹಾಮ ನಡೆಸಿದ ಚೌಕಾಸಿ ನಿಮಗೆ ನೆನಪಾಗದಿರದು.) ಇಡೀ ಪಟ್ಟಣದಲ್ಲಿ ಅವರಿಗೆ ತಂಗಲು ಜಾಗ ಕೊಡುವವಳು ಶೆನ್ ತೆ ಎಂಬ ವೇಶ್ಯೆಯೊಬ್ಬಳೇ. ಅವರಿತ್ತ ಹಣದಿಂದ ಅವಳು ಒಂದು ತಂಬಾಕಿನ ಅಂಗಡಿ ತೆರೆಯುತ್ತಾಳೆ. ಬಡವರು, ನೆಂಟರು, ಸಾಲಗಾರರು ಮುತ್ತುತ್ತಾರೆ. ಇಲ್ಲವೆನ್ನಲು ಅವಳಿಗೆ ಬಾಯಿ ಬಾರದು. ಕೊನೆಗೆ ತನ್ನನ್ನು ಉಳಿಸಿಕೊಳ್ಳಲು ಗಂಡಸಿನ ವೇಷ ತೊಟ್ಟು, ನಿರ್ದಯಿಯಾದ ಒಬ್ಬ ದಾಯಾದಿ ಅಣ್ಣನನ್ನು ಸೃಷ್ಟಿಸಿಕೊಳ್ಳುತ್ತಾಳೆ. ಒಳ್ಳೆಯತನ ಅವಳ ಹೆಸರಿನಲ್ಲಿ, ವ್ಯಾಪಾರ ಅಣ್ಣನ ಹೆಸರಿನಲ್ಲಿ! ದೇವತೆಗಳು ಮರಳಿ ಬಂದಾಗ ಅವಳು ಎಲ್ಲವನ್ನೂ ಒಪ್ಪಿಕೊಂಡು ದಾರಿ ಕೇಳುತ್ತಾಳೆ. ಅವರು ನಸುನಗುತ್ತ ಮೋಡವೇರಿ ಹೊರಟುಹೋಗುತ್ತಾರೆ.

ಆ ದೇವತೆಗಳು ನಮ್ಮ ದೇವರಲ್ಲ, ನಿಜ. ಅವರು ಮೇಲಿನಿಂದ ಉಪದೇಶಿಸುವ, ಬಡ್ಡಿಯ ಲೆಕ್ಕ ತಿಳಿಯದ, ಹಸಿವನ್ನು ಅರಿಯದ ಅಧಿಕಾರಿಗಳು. ಮನುಷ್ಯನಾಗಿ ಹುಟ್ಟಿ ಬಡಗಿಯ ಕೆಲಸ ಮಾಡಿದ ದೇವರನ್ನು ಬ್ರೆಕ್ಟ್ ಈ ನಾಟಕದಲ್ಲಿ ಎದುರಿಸುವುದೇ ಇಲ್ಲ. ಸುಲಭವಾದ ಎದುರಾಳಿಯನ್ನು ಆರಿಸಿಕೊಂಡ ಎಂಬುದು ನನ್ನ ಆಕ್ಷೇಪ. ಆದರೂ ಶೆನ್ ತೆಯ ಸಂಕಟ ನಮ್ಮ ಮನೆಗಳದೇ. ಭಾನುವಾರ ಅವಳು, ಸೋಮವಾರದಿಂದ ಶನಿವಾರದವರೆಗೆ ಆ ದಾಯಾದಿ ಅಣ್ಣ. ತೋಟದ ಬಟವಾಡೆಯ ದಿನ ನಮ್ಮಲ್ಲಿ ಯಾರು ಯಾರ ವೇಷದಲ್ಲಿರುತ್ತೇವೆ?

ಹೆಚ್ಚು ನೋಯಿಸುವ ನಾಟಕ 'ಗೆಲಿಲಿಯೋ'. ಧರ್ಮಸಭೆ ವಿಜ್ಞಾನಿಯನ್ನು ಬಾಯಿ ಮುಚ್ಚಿಸಿದ ಕಥೆಯೆಂದು ಅನೇಕ ಭಕ್ತರು ಇದನ್ನು ದೂರವಿಡುತ್ತಾರೆ. ಗೆಲಿಲಿಯೋನ ವಿಷಯದಲ್ಲಿ ನಡೆದುದು ತಪ್ಪೆಂದು ಪೋಪ್ ಎರಡನೇ ಜಾನ್ ಪೌಲರೇ 1992ರ ಅಕ್ಟೋಬರ್ 31ರಂದು ಒಪ್ಪಿಕೊಂಡ ಮೇಲೆ ನಾವೇಕೆ ಹೆದರಬೇಕು? ಆದರೆ ನಾನು ಮಾತನಾಡಬೇಕೆಂದಿರುವುದು ಇಡೀ ನಾಟಕವನ್ನಲ್ಲ, ಅದರೊಳಗಿನ ಒಬ್ಬ ತರುಣ ಸನ್ಯಾಸಿಯನ್ನು. ಅವನೂ ಖಗೋಳ ಬಲ್ಲವನು. ಗೆಲಿಲಿಯೋ ಹೇಳುವುದು ನಿಜವೆಂದು ಅವನಿಗೆ ಗೊತ್ತು. ಆದರೂ ಮೌನವೇ ಮೇಲು ಎನ್ನುತ್ತಾನೆ. ಕಾರಣ, ಹಳ್ಳಿಯಲ್ಲಿ ದುಡಿಯುವ ಅವನ ಬಡ ತಾಯಿತಂದೆ. ತಮ್ಮ ಬೆವರನ್ನೂ ಹಸಿವನ್ನೂ ದೇವರು ಮೇಲಿನಿಂದ ನೋಡುತ್ತಿದ್ದಾನೆ, ಇದಕ್ಕೆಲ್ಲ ಒಂದು ಅರ್ಥವಿದೆ ಎಂಬ ನಂಬಿಕೆಯೊಂದರಿಂದಲೇ ಅವರು ದಿನ ದೂಡುತ್ತಾರೆ. ನೀವು ನಿಂತಿರುವುದು ಶೂನ್ಯದಲ್ಲಿ ಸುತ್ತುವ ಒಂದು ಸಣ್ಣ ಕಲ್ಲಿನ ಮೇಲೆ ಎಂದು ಅವರಿಗೆ ಹೇಗೆ ಹೇಳಲಿ ಎಂಬುದು ಅವನ ವೇದನೆ. ನಂಬಿಕೆಯ ಪರವಾಗಿ ಇಷ್ಟು ಮಮತೆಯ ಮಾತನ್ನು ಬರೆದವನು ನಾಸ್ತಿಕನೆಂಬುದನ್ನು ಗಮನಿಸಿ. ಗೆಲಿಲಿಯೋ ಕೊಡುವ ಉತ್ತರ ಕಟುವಾದುದು: ನಿನ್ನ ತಾಯಿತಂದೆಯರ ಬಡತನ ಆಕಾಶದಿಂದ ಬಿದ್ದುದಲ್ಲ, ದೊಡ್ಡವರ ಯುದ್ಧಗಳ ಖರ್ಚನ್ನು ಅವರ ಹೊಲಗಳೇ ತೆರುತ್ತಿವೆ ಎಂಬ ಅರ್ಥದ ಮಾತದು. ಆಮೇಲೆ ಅವನು ತನ್ನ ಹಸ್ತಪ್ರತಿಗಳ ಕಟ್ಟನ್ನು ಸನ್ಯಾಸಿಯ ಮುಂದೆ ಎಸೆಯುತ್ತಾನೆ. ಸನ್ಯಾಸಿ ತಡೆಯಲಾರದೆ ಓದತೊಡಗುತ್ತಾನೆ.

ಇಬ್ಬರಲ್ಲಿ ಯಾರು ಸರಿ? ನಾನು ಅನೇಕ ವರ್ಷ ಸನ್ಯಾಸಿಯ ಪಕ್ಷದಲ್ಲಿದ್ದೆ. ಬಡವರ ಸಮಾಧಾನವನ್ನು ಕೆಡಿಸಬಾರದೆಂಬ ಅವನ ಕಳಕಳಿ ನಮ್ಮ ಅನೇಕ ಗುರುಗಳದೂ ಶಿಕ್ಷಕರದೂ ಆಗಿದೆ. ಆದರೆ ಒಂದು ಮಾತು ನನ್ನನ್ನು ಕಾಡಿತು: ಆ ತಾಯಿತಂದೆಯರನ್ನು ಯಾರೂ ಕೇಳಲಿಲ್ಲ. ಸನ್ಯಾಸಿಯೂ ಕೇಳಲಿಲ್ಲ, ಗೆಲಿಲಿಯೋ ಕೂಡ ಕೇಳಲಿಲ್ಲ. ಬ್ರೆಕ್ಟ್ ಅವರನ್ನು ರಂಗದ ಮೇಲೆ ತರಲೇ ಇಲ್ಲ.

ಇಲ್ಲಿಯೇ ಬ್ರೆಕ್ಟನ ಮಿತಿಯೂ ಇದೆ. ಓದುವ ಕಾರ್ಮಿಕನಿಗೂ ಅವನು ಹೆಸರಿಡಲಿಲ್ಲ. ಅವನು ಒಂದು ವರ್ಗದ ಪ್ರತಿನಿಧಿ, ಅಷ್ಟೇ. ಅದಕ್ಕಿಂತ ದೊಡ್ಡ ಲೋಪ ಅವನ ಬಾಳಿನಲ್ಲಿಯೇ ಇತ್ತು. 1928ರ ಆಗಸ್ಟ್ 31ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ ಕಂಡು ಅವನನ್ನು ಪ್ರಸಿದ್ಧನನ್ನಾಗಿ ಮಾಡಿದ 'ಮೂರು ಕಾಸಿನ' ನಾಟಕಕ್ಕೆ ಆಧಾರವಾದ ಜಾನ್ ಗೇಯ ಇಂಗ್ಲಿಷ್ ಕೃತಿಯನ್ನು ಜರ್ಮನ್ ಭಾಷೆಗೆ ತಂದವಳು ಎಲಿಜಬೆತ್ ಹೌಪ್ಟ್‌ಮನ್. ಅವಳ ಕೈಕೆಲಸ ಅನುವಾದಕ್ಕಿಂತ ಎಷ್ಟು ಹೆಚ್ಚಿನದು ಎಂಬುದನ್ನು ಸಂಶೋಧಕರು ಈಗಲೂ ಅಳೆಯುತ್ತಿದ್ದಾರೆ. ಅವನೊಡನೆ ಅನೇಕ ಕೃತಿಗಳಿಗೆ ದುಡಿದ ಮಾರ್ಗರೆಟ್ ಸ್ಟೆಫಿನ್, ಕೂಲಿಕಾರರ ಮನೆಯ ಮಗಳು, 1941ರಲ್ಲಿ ಮಾಸ್ಕೋದಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ನಾವು ಹೇಳುವುದು 'ಬ್ರೆಕ್ಟನ ನಾಟಕ' ಎಂದೇ. ಥೀಬ್ಸ್ ನಗರವನ್ನು ಕಟ್ಟಿದವರಾರೆಂದು ಕೇಳಿದವನ ಮನೆಯಲ್ಲಿಯೂ ಕಲ್ಲು ಹೊತ್ತವರಿದ್ದರು.

ರಾಜಕೀಯದ ಪರೀಕ್ಷೆ ಬಂದದ್ದು 1953ರ ಜೂನ್ 17ರಂದು. ಪೂರ್ವ ಬರ್ಲಿನ್ನಿನ ಕಟ್ಟಡ ಕಾರ್ಮಿಕರು, ಇಟ್ಟಿಗೆ ಹೊರುವವರೇ, ಹೆಚ್ಚಿಸಿದ ಕೆಲಸದ ಪ್ರಮಾಣವನ್ನು ವಿರೋಧಿಸಿ ಬೀದಿಗಿಳಿದರು; ಸೋವಿಯತ್ ಟ್ಯಾಂಕುಗಳು ಅವರನ್ನು ಹತ್ತಿಕ್ಕಿದವು. ಅಲ್ಲಿಯೇ ತನ್ನ ನಾಟಕಶಾಲೆ ನಡೆಸುತ್ತಿದ್ದ ಬ್ರೆಕ್ಟ್ ಪಕ್ಷದ ನಾಯಕ ಉಲ್‌ಬ್ರಿಷ್ಟನಿಗೆ ಪತ್ರ ಬರೆದ. ಜನರೊಡನೆ ಮಾತುಕತೆ ನಡೆಯಬೇಕೆಂಬ ಆಶಯ ಅದರಲ್ಲಿತ್ತು. ಪಕ್ಷಕ್ಕೆ ನಿಷ್ಠೆ ಸೂಚಿಸುವ ಕೊನೆಯ ವಾಕ್ಯವೂ ಇತ್ತು. ಪಕ್ಷದ ಪತ್ರಿಕೆ ಕೊನೆಯ ವಾಕ್ಯವನ್ನಷ್ಟೇ ಅಚ್ಚುಮಾಡಿತು. ಸರ್ಕಾರವನ್ನು ಹರಿತವಾಗಿ ಗೇಲಿಮಾಡುವ ಒಂದು ಕವಿತೆಯನ್ನು ಆ ಬೇಸಗೆಯಲ್ಲಿ ಬರೆದನಾದರೂ ಬದುಕಿರುವಾಗ ಪ್ರಕಟಿಸಲಿಲ್ಲ. 1956ರಲ್ಲಿ ತೀರಿಕೊಂಡ. ಅವನನ್ನು ದ್ವೇಷಿಸುವವರು ಇಷ್ಟನ್ನೇ ಹಿಡಿದು ಎಲ್ಲವನ್ನೂ ತಳ್ಳಿಹಾಕುತ್ತಾರೆ. ಕವಿತೆಯನ್ನು ಮೇಜಿನ ಸೆಳೆಖಾನೆಯಲ್ಲಿಟ್ಟ ಬ್ರೆಕ್ಟನನ್ನು ನಾನು ಕ್ಷಮಿಸಬಲ್ಲೆ; ಆಡಬೇಕಾದ ಮಾತನ್ನು ಆಡದೆ ಆಡಳಿತ ಸಮಿತಿಯ ಸಭೆಯಿಂದ ಎದ್ದುಬಂದ ದಿನಗಳು ನನಗೂ ಇವೆ. ಆದರೆ ಹೌಪ್ಟ್‌ಮನ್ನಳ ಹೆಸರನ್ನು ಅಷ್ಟು ಸಣ್ಣದಾಗಿ ಅಚ್ಚುಮಾಡಿದ್ದಕ್ಕೆ ಯಾವ ಸರ್ಕಾರದ ಭಯವೂ ಕಾರಣವಾಗಿರಲಿಲ್ಲ.

ಈಗ ನಮ್ಮ ಸ್ಮರಣ ಸಂಚಿಕೆಯ ಸಂಗತಿ. ಗುರುಮನೆಯ ಹಳೆಯ ಬೀರುವಿನಲ್ಲಿ ಚರ್ಚ್ ಕಟ್ಟಿದ ವರ್ಷಗಳ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ದಾನಿಗಳ ಹೆಸರು, ಮೊತ್ತ, ರಸೀದಿ ಸಂಖ್ಯೆ ಎಲ್ಲವೂ ಮುತ್ತಿನಂಥ ಅಕ್ಷರಗಳಲ್ಲಿವೆ. ಕೂಲಿಯ ಪುಟಗಳಲ್ಲಿ ಮಾತ್ರ ದಿನವೂ ಒಂದೇ ಬಗೆಯ ಸಾಲು: ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು. ಹೆಸರಿಲ್ಲ. ಶಿಲಾಫಲಕದಲ್ಲಿ ಧರ್ಮಾಧ್ಯಕ್ಷರ, ಗುರುಗಳ, ಭೂಮಿ ಕೊಟ್ಟವರ ಹೆಸರುಗಳಿವೆ; ಅವರೆಲ್ಲ ಅದಕ್ಕೆ ಅರ್ಹರೇ.

ನಮ್ಮ ಸಭೆಯ ಅಜ್ಜಿಯೊಬ್ಬರನ್ನು ಹೋಗಿ ಕೇಳಿದೆ. ಅವರು ಆಗ ತೋಟದ ಲೈನಿನಲ್ಲಿದ್ದವರು, ಭಾನುವಾರಗಳಲ್ಲಿ ಹೊಳೆಯಿಂದ ಮರಳು ಹೊತ್ತವರು. 'ಯಾರ್ ಯಾರ್ ಇದ್ರಿ ಅಜ್ಜಿ?' ಎಂದಾಗ ಬೆರಳು ಮಡಚುತ್ತ ಹೇಳತೊಡಗಿದರು. ಅವರಲ್ಲಿ ಇಬ್ಬರ ಗಂಡಂದಿರು ಆಮೇಲೆ ಘಟ್ಟದ ರೈಲು ಕೆಲಸಕ್ಕೆ ಎಡಕುಮೇರಿಯ ಕಡೆಗೆ ಹೋದರಂತೆ. ಹನ್ನೊಂದು ಹೆಸರು ಬಂತು. ಹನ್ನೆರಡನೆಯವಳ ಮುಖ ಕಣ್ಣಿಗೆ ಕಟ್ಟಿದೆ, ಎಡಗೈಗೆ ಹಸಿರು ಬಳೆ, ಹೆಸರು ಮಾತ್ರ ಬರುತ್ತಿಲ್ಲ ಎಂದು ಅಜ್ಜಿ ಬಹಳ ಹೊತ್ತು ಒದ್ದಾಡಿದರು. ಆ ಹನ್ನೊಂದು ಹೆಸರುಗಳನ್ನು ದಾನಿಗಳ ಪುಟದ ಎದುರು ಪುಟದಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ ಹಾಕಬೇಕೆಂದು ಸಮಿತಿಯಲ್ಲಿ ಕೇಳಿಕೊಂಡಿದ್ದೇನೆ. ಪುಟಕ್ಕೆ ತಗಲುವ ಖರ್ಚಿನ ಮಾತು ಬಂದಿದೆ. ತೀರ್ಮಾನ ಇನ್ನೂ ಆಗಿಲ್ಲ.

ಸಂಚಿಕೆ ಅಚ್ಚಿಗೆ ಹೋಗಲು ಎರಡು ತಿಂಗಳಿದೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ನಮ್ಮ ಸೀಮೆಯ ಯಾವುದೇ ಚರ್ಚಿಗೆ ಕಲ್ಲು, ಮರಳು, ನೀರು ಹೊತ್ತಿದ್ದರೆ, ಅಥವಾ ಘಟ್ಟದ ಸುರಂಗಗಳಲ್ಲಿ ದುಡಿದಿದ್ದರೆ, ಇಂದು ಸಂಜೆಯೇ ಕುಳಿತು ಅವರ ಜೊತೆಯಲ್ಲಿದ್ದವರ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಹಸಿರು ಬಳೆಯವರ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ನಿಮ್ಮ ಗುರುಮನೆಯಲ್ಲಿ ಹೇಳಿ, ನನಗೆ ತಲುಪುತ್ತದೆ.